ಕಡಿಮೆ ಖರ್ಚಿನ, ಕಡಿಮೆ ಹೊಗೆಯ ಒಲೆ: ಹಾಡಿಯ ನಲವತ್ತು ಮನೆಗೆ ಯಾವುದು ಮಾಡಿಸಬೇಕು?

ಕಾಡಂಚು

ಎಲ್ಲರಿಗೂ ನಮಸ್ಕಾರ. ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಾಡಿಯ, ಅಂದರೆ ಕಾಡಂಚಿನ ಆದಿವಾಸಿಗಳ ಊರಿನ, ಮಹಿಳಾ ಸಂಘದ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಈ ವರ್ಷ ಸಂಘದ ದುಡ್ಡಲ್ಲಿ ನಲವತ್ತು ಮನೆಗೆ ಒಳ್ಳೆ ಒಲೆ ಮಾಡಿಸೋಣ ಅಂತ ಹೆಂಗಸರೇ ತೀರ್ಮಾನ ಮಾಡಿದ್ದಾರೆ. ಮನೆಗೆ ಒಂದೂವರೆ ಸಾವಿರ ರೂಪಾಯಿ ದಾಟಬಾರದು.

ಈಗ ಇರುವುದು ಮೂರು ಕಲ್ಲಿನ ಒಲೆ, ಕೆಲವು ಕಡೆ ಮಣ್ಣಿನ ಜೋಡಿ ಒಲೆ. ಅರ್ಧದಷ್ಟು ಮನೆಗೆ ಗ್ಯಾಸ್ ಕನೆಕ್ಷನ್ ಇದೆ. ಆದರೆ ಸಿಲಿಂಡರ್ ಗಾಡಿ ಹಾಡಿ ತನಕ ಬರುವುದಿಲ್ಲ. ಮುಖ್ಯ ರಸ್ತೆಯಿಂದ ಹೊತ್ತು ತರಬೇಕು, ಇಲ್ಲವೇ ಆಟೋಗೆ ದುಡ್ಡು ಕೊಡಬೇಕು. ಹಾಗಾಗಿ ಗ್ಯಾಸ್ ಇದ್ದರೂ ಅದು ನೆಂಟರು ಬಂದಾಗ ಟೀ ಕಾಯಿಸಲಿಕ್ಕೆ.

ಕಟ್ಟಿಗೆಗೆ ಕಾಡಂಚಿಗೆ ಹೋಗಲು ಈಗ ಹೆದರಿಕೆ. ಆನೆ ಯಾವ ಹೊತ್ತಿನಲ್ಲಿ ಎದುರಾಗುತ್ತದೋ ಹೇಳಲಾಗದು. ಹೆಚ್ಚಾಗಿ ತರುವುದು ಲಂಟಾನ ಕಡ್ಡಿ. ಅದಂತೂ ಎಲ್ಲೆಲ್ಲೂ ಬೆಳೆದುಕೊಂಡಿದೆ. ಗೋಡೆ ಕೆಲವು ಮನೆಗೆ ಇಟ್ಟಿಗೆ, ಕೆಲವಕ್ಕೆ ಬಿದಿರು ತಟ್ಟಿಗೆ ಮಣ್ಣು ಮೆತ್ತಿದ್ದು. ಮೇಲೆ ಹೆಂಚು ಅಥವಾ ತಗಡು.

ಪೇಟೆಯಲ್ಲಿ ಸಿಗುವ ಲೋಹದ ಒಲೆ ಕೊಳ್ಳಬೇಕೋ, ಮಣ್ಣಿನಲ್ಲಿ ಕಟ್ಟಿಸಬೇಕೋ? ಗೊತ್ತಿದ್ದವರು ಬಿಡಿಸಿ ಹೇಳಿ.

ಮಂಡ್ಯ ಮೆಕ್ಯಾನಿಕಲ್

ಅಕ್ಕ, ಒಲೆ ಆರಿಸುವ ಮೊದಲು ಎರಡು ವಿಷಯ ಬೇರೆ ಬೇರೆ ಮಾಡಿಕೊಳ್ಳಿ. ಕಟ್ಟಿಗೆ ಉಳಿಸುವುದು ಒಂದು. ಹೊಗೆ ಕಡಿಮೆ ಮಾಡುವುದು ಇನ್ನೊಂದು. ಎರಡೂ ಒಟ್ಟಿಗೇ ಆಗುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ.

ಹೊಗೆ ಅಂದರೆ ಉರಿಯದೆ ತಪ್ಪಿಸಿಕೊಂಡ ಕಟ್ಟಿಗೆ. ಒಣ ಕಟ್ಟಿಗೆಯ ತೂಕದಲ್ಲಿ ಮುಕ್ಕಾಲು ಭಾಗದಷ್ಟು ಬಿಸಿ ತಾಗಿದಾಗ ಅನಿಲವಾಗಿ ಹೊರಡುತ್ತದೆ. ಕೆಂಡ ಆಗುವುದು ಉಳಿದ ಕಾಲು ಭಾಗ. ಆ ಅನಿಲ ಪೂರ್ತಿ ಉರಿಯಲು ಮೂರು ಬೇಕು: ಸಾಕಷ್ಟು ಬಿಸಿ, ಸಾಕಷ್ಟು ಗಾಳಿ, ಎರಡೂ ಬೆರೆಯಲು ಜಾಗ. ಮೂರು ಕಲ್ಲಿನ ಒಲೆಯಲ್ಲಿ ಗಾಳಿಗೇನೂ ಬರವಿಲ್ಲ. ಆದರೆ ಅಷ್ಟೂ ತಣ್ಣನೆ ಗಾಳಿ. ಉರಿಯನ್ನು ತಣಿಸಿ ಹೊರಟುಹೋಗುತ್ತದೆ. ಕಟ್ಟಿಗೆಯ ಶಕ್ತಿಯಲ್ಲಿ ಪಾತ್ರೆಗೆ ಮುಟ್ಟುವುದು ನೂರಕ್ಕೆ ಹತ್ತು ಹದಿನೈದರ ಆಸುಪಾಸು.

ಇನ್ನು ಕಟ್ಟಿಗೆ ಉಳಿಸುವ ಸುಲಭ ದಾರಿ ಅಂದರೆ ಪಾತ್ರೆಯನ್ನು ಉರಿಗೆ ಹತ್ತಿರ ಇಳಿಸುವುದು. ಬೇಗ ಕಾಯುತ್ತದೆ, ನಿಜ. ಆದರೆ ಉರಿ ಪೂರ್ತಿ ಆಗುವ ಮೊದಲೇ ತಣ್ಣನೆಯ ಪಾತ್ರೆಯ ತಳಕ್ಕೆ ಬಡಿದರೆ ಮಸಿ ಜಾಸ್ತಿ, ಹೊಗೆ ಜಾಸ್ತಿ. ತುಂಬಾ ಮೇಲೆ ಇಟ್ಟರೆ ಹೊಗೆ ಕಡಿಮೆ, ಕಟ್ಟಿಗೆ ಖರ್ಚು ಹೆಚ್ಚು. ಒಲೆ ವಿನ್ಯಾಸ ಮಾಡುವವರ ಅರ್ಧ ಕೆಲಸ ಈ ಎತ್ತರ ಹಿಡಿಯುವುದೇ.

ರಾಕೆಟ್ ಒಲೆ ಅಂತ ಕೇಳಿರಬಹುದು. ಅಮೆರಿಕದ ಲ್ಯಾರಿ ವಿನಿಯಾರ್ಸ್ಕಿ 1980ರ ದಶಕದಲ್ಲಿ ಅದರ ಸೂತ್ರ ಬರೆದಿಟ್ಟರು. ಅಡ್ಡ ಬಾಯಿ, ಅದಕ್ಕೆ ಕೂಡಿದ ನೆಟ್ಟಗಿನ ಚಿಕ್ಕ ಕೊಳವೆ, ಸುತ್ತ ಶಾಖ ತಡೆಯುವ ಹಗುರ ವಸ್ತು. ಒಳಗೆ ಬಿಸಿ ನಿಂತು ಅನಿಲ ಅಲ್ಲೇ ಉರಿಯುತ್ತದೆ. ಕಡ್ಡಿಯ ತುದಿ ಮಾತ್ರ ಉರಿಯಬೇಕು, ಉರಿದಷ್ಟು ಮುಂದೆ ದೂಡಬೇಕು. ಲಂಟಾನದಂಥ ಸಣ್ಣ ಕಡ್ಡಿಗೆ ಇದು ಚೆನ್ನಾಗಿ ಹೊಂದುತ್ತದೆ. ಪೇಟೆಯ ಲೋಹದ ಒಲೆಗಳಲ್ಲಿ ಹಲವು ಇದೇ ಸೂತ್ರದವು.

ಇನ್ನೊಂದು ಮಾತು. ದಪ್ಪ ಮಣ್ಣಿನ ಗೋಡೆ ಶಾಖ ತಡೆಯುತ್ತದೆ ಅಂತ ನಂಬಬೇಡಿ. ಗಟ್ಟಿ ಮಣ್ಣು ಶಾಖವನ್ನು ಹೀರುತ್ತದೆ. ತಡೆಯುವುದು ಮಣ್ಣಿನ ಒಳಗಿನ ಗಾಳಿಯ ಸಂದುಗಳು. ಅದಕ್ಕೇ ಭತ್ತದ ಹೊಟ್ಟು ಕಲಸಬೇಕು, ಒಳಗೆ ಬೂದಿ ತುಂಬಬೇಕು.

ತುಮಕೂರು ಮೇಸ್ತ್ರಿ

ನಾನು ಅಸ್ತ್ರ ಒಲೆ ಕಟ್ಟಲು ಕಲಿತವನು. ಈಗಲೂ ಯಾರಾದರೂ ಕರೆದರೆ ಕಟ್ಟಿಕೊಡುತ್ತೇನೆ. ಈಗಿನ ಹುಡುಗರಿಗೆ ಅದರ ಹೆಸರೇ ಗೊತ್ತಿರುವುದಿಲ್ಲ, ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಅನ್ನುವ ವಿಭಾಗ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದು ಅದರ ಕೆಲಸ. ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. ಪಕ್ಕದಲ್ಲೇ ಪುರ ಅನ್ನುವ ಊರಿನಲ್ಲಿ ಮನೆ ಮನೆಗೆ ಹೋಗಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಯಾರು ತರುತ್ತಾರೆ ಅಂತ ಲೆಕ್ಕ ಹಾಕಿದರು. ಊರಿಗೆ ಬೇಕಾದ ಶಕ್ತಿಯಲ್ಲಿ ಬಹುಪಾಲು ಸೌದೆಯಿಂದಲೇ ಬರುತ್ತಿತ್ತು, ಅದರಲ್ಲಿ ಬಹುಪಾಲು ಒಲೆಗೇ ಹೋಗುತ್ತಿತ್ತು. ಒಲೆಯ ಮೇಲೆ ಅವರು ಕಣ್ಣಿಟ್ಟಿದ್ದು ಇದರಿಂದಲೇ.

ಆ ಒಲೆಯ ಅಂದ ಹೀಗಿದೆ. ಸಾಲಾಗಿ ಮೂರು ಪಾತ್ರೆ. ಮೊದಲ ಪಾತ್ರೆ ಕೆಳಗೆ ಮುಚ್ಚಿದ ಉರಿಗೂಡು, ತಳದಲ್ಲಿ ಜಾಲರಿ, ಜಾಲರಿ ಕೆಳಗೆ ಬೂದಿ ಬೀಳುವ ಜಾಗ. ಗಾಳಿ ಕೆಳಗಿನಿಂದ ಏರಿ ಕೆಂಡಕ್ಕೆ ತಾಗುತ್ತದೆ. ಮೊದಲ ಪಾತ್ರೆ ಕಾಯಿಸಿದ ಬಿಸಿಗಾಳಿ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ ಹೋಗಿ ಚಿಮಣಿಯಲ್ಲಿ ಹೊರಗೆ. ಮುದ್ದೆ ಮೊದಲ ಕುಳಿಯಲ್ಲಿ, ಸಾರು ಎರಡನೆಯದರಲ್ಲಿ, ಮೂರನೆಯದರಲ್ಲಿ ಬಿಸಿನೀರು. ಪ್ರಯೋಗಾಲಯದಲ್ಲಿ ನೂರಕ್ಕೆ ನಲವತ್ತರವರೆಗೆ ಶಾಖ ಪಾತ್ರೆಗೆ ಹೋಗುತ್ತಿತ್ತು. ಮನೆಗಳಲ್ಲಿ ಅದಕ್ಕಿಂತ ಕಡಿಮೆ. ಆದರೂ ಹಳೇ ಒಲೆಗಿಂತ ಎಷ್ಟೋ ಮೇಲು.

ಒಳ್ಳೆ ಒಲೆ ಅದು. ಎದೆ ಮುಟ್ಟಿಕೊಂಡು ಹೇಳುತ್ತೇನೆ. ಆದರೆ ಅಳತೆ ತಪ್ಪಿದರೆ ಕೆಟ್ಟ ಒಲೆಗಿಂತ ಕಡೆ. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 1983ರ ಕೊನೆಯಲ್ಲಿ ಶುರುವಾಗಿ 2002ರ ತನಕ ನಡೆಯಿತು. ದೇಶದಲ್ಲಿ ಮೂರು ಕೋಟಿಗೂ ಮೀರಿ ಒಲೆ ಕಟ್ಟಿದರು ಅಂತ ಲೆಕ್ಕ. ಗುರಿ ಮುಟ್ಟುವ ಆತುರ ಇತ್ತು. ಒಲೆ ಕಟ್ಟಿ, ಫೋಟೋ ತೆಗೆದು, ಮುಂದಿನ ಮನೆಗೆ. ಜಾಲರಿ ಎತ್ತರ ಸರಿ ಇದೆಯಾ, ಆ ಮನೆಯ ಪಾತ್ರೆ ಕುಳಿಗೆ ಕೂರುತ್ತದಾ ಅಂತ ನೋಡಿದವರು ಕಡಿಮೆ. ಪಾತ್ರೆ ಕೂರದೆ ಸಂದು ಬಿಟ್ಟರೆ ಅಲ್ಲಿಂದಲೇ ಹೊಗೆ ಅಡುಗೆಮನೆಗೆ ಬರುತ್ತದೆ. ಆಗ ಆ ಮನೆಯವರು ಏನು ಮಾಡಬೇಕು? ಒಡೆದು ಹಾಕಿದರು.

ಕಲಬುರಗಿ ಜೋಳ

ನಮ್ಮ ಕಡೆಯಿಂದ ಒಂದು ಮಾತು ರೀ. ಮೂರು ಕುಳಿಯ ಮುಚ್ಚಿದ ಒಲೆ ನಮ್ಮ ಊರಿಗೂ ಬಂದಿತ್ತು. ನಮ್ಮ ಅತ್ತೆಯವರು ಅದನ್ನು ಬಿಟ್ಟದ್ದು ರೊಟ್ಟಿ ಕಾರಣಕ್ಕೆ.

ಜೋಳದ ರೊಟ್ಟಿ ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಹಾಕಿದ ಮೇಲೆ ಕೆಲಸ ಮುಗಿಯಲಿಲ್ಲ. ಒಲೆಬಾಯಿಗೆ ಕೆಂಡ ಎಳೆದುಕೊಂಡು, ಅದರ ಎದುರಿಗೆ ರೊಟ್ಟಿ ನಿಲ್ಲಿಸಬೇಕು. ಆಗ ಉಬ್ಬುತ್ತದೆ. ಕಡಕ್ ರೊಟ್ಟಿ ಬೇಕಾದರೆ ಅಲ್ಲೇ ಒರಗಿಸಿ ಬಿಡಬೇಕು. ಮುಚ್ಚಿದ ಒಲೆಯಲ್ಲಿ ಆ ಜಾಗವೇ ಇರಲಿಲ್ಲ. ಹಂಚು ದೊಡ್ಡದು, ಕುಳಿ ಸಣ್ಣದು. ನಡುವೆ ಮಾತ್ರ ಸೀದು ಅಂಚು ಹಸಿಯಾಗಿ ಉಳಿಯುತ್ತಿತ್ತು. ದಿನಕ್ಕೆ ಎರಡು ಹೊತ್ತು ಮನೆ ತುಂಬ ಜನಕ್ಕೆ ರೊಟ್ಟಿ ಬಡಿಯುವವರಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು, ನಮ್ಮದು ಮರದ ಕಟ್ಟಿಗೆ ಊರಲ್ಲ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಅಂದರೆ ಬೆರಣಿ. ಕುಳ್ಳು ಹಾಕಿದರೆ ಬೂದಿ ರಾಶಿ ರಾಶಿ. ಜಾಲರಿ ಕಟ್ಟಿಕೊಂಡು ಗಾಳಿ ನಿಂತೇ ಹೋಗುತ್ತದೆ. ಒಂದೇ ಒಲೆ ಬೀದರಿಗೂ ಕೊಡಗಿಗೂ ಅಂದರೆ ಹೇಗೆ ನಡೆಯುತ್ತದೆ ಹೇಳಿ.

ಕಾಡಂಚು ಅಕ್ಕಾ, ನಿಮ್ಮ ಕಡೆ ದಿನಾ ಏನು ಅಡುಗೆ? ಅದನ್ನು ಮೊದಲು ಬರೀರಿ.

ಕಾಡಂಚು

ರಾಗಿ ಮುದ್ದೆ, ಸೊಪ್ಪಿನ ಸಾರು, ಕಾಳು. ಅನ್ನ ಒಂದು ಹೊತ್ತು. ಗೆಣಸು ಸಿಕ್ಕಾಗ ಕೆಂಡದಲ್ಲಿ ಸುಡುವುದು ಕಡ್ಡಾಯ, ಮಕ್ಕಳು ಬಿಡುವುದಿಲ್ಲ. ಮತ್ತೆ ಬೆಳಿಗ್ಗೆ ಸ್ನಾನಕ್ಕೆ ಹಂಡೆ ನೀರು. ಇಲ್ಲಿ ಚಳಿ ಜೋರು, ಹಾಗಾಗಿ ಒಲೆ ಮುಂದೆ ಕೂತು ಕಾಯಿಸಿಕೊಳ್ಳುವುದೂ ಇದೆ.

ತುಮಕೂರು ಮೇಸ್ತ್ರಿ

ಮುದ್ದೆ ಅಂದಿರಲ್ಲ, ಹಾಗಾದರೆ ತಗಡಿನ ಹಗುರ ಒಲೆ ಬಗ್ಗೆ ಎರಡು ಸಲ ಯೋಚನೆ ಮಾಡಿ. ಹಿಟ್ಟು ತೊಳಸುವಾಗ ಎಷ್ಟು ಬಲ ಬೀಳುತ್ತದೆ ನಿಮಗೇ ಗೊತ್ತು. ಪಾತ್ರೆಗೆ ಕವೆಗೋಲು ಕೊಟ್ಟು, ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಲಿ ಕೋಲು ತಿರುಗಿಸಬೇಕು. ಹಗುರ ಒಲೆ ಜರುಗುತ್ತದೆ. ಉರಿವ ಒಲೆ, ಕುದಿವ ಅಂಬಲಿ, ಪಕ್ಕದಲ್ಲೇ ಮಗು. ಬೇಡ. ಲೋಹದ ಒಲೆ ಕೊಂಡರೂ ಅದನ್ನು ಅರ್ಧ ಎತ್ತರಕ್ಕೆ ಮಣ್ಣಿನಲ್ಲಿ ಹುಗಿದು ಕೂರಿಸಿ.

ಊರ ದಾದಿ

ನಾನು ಉಪಕೇಂದ್ರದಲ್ಲಿ ಕೆಲಸ ಮಾಡುವವಳು. ಆರೋಗ್ಯದ ಕಡೆಯಿಂದ ಹೇಳುತ್ತೇನೆ.

ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲಿ ದಮ್ಮಿನ ಕಾಯಿಲೆ, ಹಳೇ ಕೆಮ್ಮು ಯಾಕೆ ಅಂದರೆ ಬಹಳ ಸಲ ಒಲೆಯೇ ಕಾರಣ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಉಸಿರಲ್ಲಿ ಒಳಗೆ ಹೋಗುವ ಸಣ್ಣ ಕಣ ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು ಅನ್ನುವುದು ಅವರ ಮಿತಿ. ಹಳೇ ಒಲೆ ಇರುವ ಅಡುಗೆಮನೆಯಲ್ಲಿ ಅದು ನೂರಾರು ಇರುತ್ತದೆ.

ಹಾಗಾಗಿ ಒಲೆಯ ಹೊಗೆ ಅರ್ಧಕ್ಕೆ ಇಳಿದರೆ ಕಾಯಿಲೆಯೂ ಅರ್ಧಕ್ಕೆ ಇಳಿಯುತ್ತದೆ ಅಂತ ಹೆಂಗಸರಿಗೆ ಆಸೆ ಹುಟ್ಟಿಸಬೇಡಿ. ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ಚಿಮಣಿ ಒಲೆ ಕೊಟ್ಟು ಒಂದು ದೊಡ್ಡ ಅಧ್ಯಯನ ನಡೆಯಿತು, ಫಲಿತಾಂಶ 2011ರಲ್ಲಿ ಬಂತು. ಮಕ್ಕಳು ಉಸಿರಾಡುವ ಹೊಗೆ ಅರ್ಧದಷ್ಟು ಇಳಿಯಿತು. ತೀವ್ರ ನ್ಯುಮೋನಿಯಾ ಕಡಿಮೆಯಾಯಿತು, ಆದರೆ ಒಟ್ಟು ನ್ಯುಮೋನಿಯಾದಲ್ಲಿ ಖಚಿತವಾಗಿ ಹೇಳುವಷ್ಟು ಇಳಿಕೆ ಕಾಣಲಿಲ್ಲ. ಮಲಾವಿ ದೇಶದಲ್ಲಿ ಫ್ಯಾನ್ ಇರುವ ಕಟ್ಟಿಗೆ ಒಲೆ ಕೊಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದರು. ಅಲ್ಲಿ ನ್ಯುಮೋನಿಯಾದಲ್ಲಿ ವ್ಯತ್ಯಾಸವೇ ಬರಲಿಲ್ಲ. ಅದು 2016ರ ಮಾತು.

ಅಂದರೆ ಒಲೆ ಬದಲಾಯಿಸಬೇಡಿ ಅಂತಲ್ಲ. ಕಣ್ಣುರಿ ಕಡಿಮೆ ಆಗುತ್ತದೆ. ಕೂಸಿಗೆ ಸುಟ್ಟ ಗಾಯ ಆಗುವುದು ಕಡಿಮೆ ಆಗುತ್ತದೆ. ಕಟ್ಟಿಗೆ ಹೊರೆ ಇಳಿದರೆ ಬೆನ್ನುನೋವು ಇಳಿಯುತ್ತದೆ. ಇವೆಲ್ಲ ದೊಡ್ಡ ಲಾಭವೇ. ಅದರ ಜೊತೆಗೆ ಗ್ಯಾಸ್ ಬಳಕೆ ಹೆಚ್ಚಾಗಬೇಕು.

ಹೊಸಪೇಟೆ ಹುಡುಗ

ನಾನೂ ಇದನ್ನೇ ಹೇಳಬೇಕು ಅಂತಿದ್ದೆ. 2016ರ ಮೇ 1ರಂದು ಉಜ್ವಲಾ ಶುರುವಾಯಿತು, ಅದಾದ ವರ್ಷ ನಮ್ಮ ರಾಜ್ಯದ ಅನಿಲ ಭಾಗ್ಯ ಬಂತು. ಇಷ್ಟೆಲ್ಲ ಆದ ಮೇಲೆ ಮತ್ತೆ ಬಡವರಿಗೆ ಮಣ್ಣಿನ ಒಲೆ ಯಾಕೆ? ಪೇಟೆಯವರಿಗೆ ನೀಲಿ ಉರಿ, ಹಾಡಿಯವರಿಗೆ ‘ಸುಧಾರಿತ’ ಕಟ್ಟಿಗೆ. ನನಗೆ ಇದು ಸರಿ ಕಾಣುವುದಿಲ್ಲ. ಆ ದುಡ್ಡಲ್ಲಿ ಸಿಲಿಂಡರ್ ತುಂಬಿಸಿ.

ಕಾಡಂಚು

ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ ತಮ್ಮ. ನನಗೂ ಅದೇ ಸಿಟ್ಟಿದೆ. ಆದರೆ ಲೆಕ್ಕ ನೋಡು. ಉಜ್ವಲಾದವರಿಗೆ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಇದೆ. ಆದರೆ ಮೊದಲು ಪೂರ್ತಿ ದುಡ್ಡು ಕೈಯಿಂದ ಕೊಡಬೇಕು, ಆಮೇಲೆ ಖಾತೆಗೆ ಬರುತ್ತದೆ. ಕೂಲಿ ವಾರಕ್ಕೊಮ್ಮೆ ಬರುವ ಮನೆಯಲ್ಲಿ ಅಷ್ಟು ದುಡ್ಡು ಒಂದೇ ಸಲ ಎಲ್ಲಿಂದ ತರುವುದು? ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದರೆ ಮನೆ ತಿಂಗಳುಗಟ್ಟಲೆ ಖಾಲಿ.

ಒಂದೂವರೆ ಸಾವಿರದಲ್ಲಿ ಸಿಲಿಂಡರ್ ತುಂಬಿಸಿದರೆ ಎರಡು ತಿಂಗಳಲ್ಲಿ ಮುಗಿಯುತ್ತದೆ. ಮೂರನೇ ತಿಂಗಳು ಅದೇ ಮೂರು ಕಲ್ಲು.

ಸಾಗರದ ತೋಟ

ಒಂದು ಪ್ರಶ್ನೆ. ನೀವೆಲ್ಲ ಅಡುಗೆ ಒಲೆ ಬಗ್ಗೆ ಮಾತಾಡುತ್ತಿದ್ದೀರಿ. ಹಂಡೆ ಒಲೆ ಬಗ್ಗೆ ಯಾರೂ ಮಾತಾಡುತ್ತಿಲ್ಲ ಯಾಕೆ?

ನಮ್ಮ ಮಲೆನಾಡಲ್ಲಿ ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲ ಆಯಿತು. ಆದರೂ ಕಟ್ಟಿಗೆ ಕೊಟ್ಟಿಗೆ ಖಾಲಿಯಾಗಿಲ್ಲ. ಬಚ್ಚಲ ಒಲೆ ದಿನಾ ಉರಿಯುತ್ತದೆ. ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆ, ಸಿಕ್ಕಿದ್ದೆಲ್ಲ ಅಲ್ಲಿಗೇ. ಹೊಗೆ ಕೊಳವೆ ಇಲ್ಲದ ಬಚ್ಚಲಾದರೆ ಬೆಳಿಗ್ಗೆ ಮನೆಯೆಲ್ಲ ಹೊಗೆ. ಗ್ಯಾಸಲ್ಲಿ ಯಾರೂ ಹಂಡೆ ನೀರು ಕಾಯಿಸುವುದಿಲ್ಲ, ಬಡವರಂತೂ ಇಲ್ಲವೇ ಇಲ್ಲ. ಗ್ಯಾಸ್ ಎಷ್ಟೇ ಬಂದರೂ ಕಟ್ಟಿಗೆ ಕೊನೆಯಲ್ಲಿ ಉಳಿಯುವ ಜಾಗ ಬಚ್ಚಲು.

ನಮ್ಮಲ್ಲಿ ಹಂಡೆಯನ್ನು ಕುತ್ತಿಗೆ ತನಕ ಇಟ್ಟಿಗೆ ಗೂಡಲ್ಲಿ ಇಳಿಸಿ, ಸುತ್ತ ಬೆರಳು ಹೋಗುವಷ್ಟು ಸಂದು ಬಿಟ್ಟು, ಹಿಂದಿನಿಂದ ಕೊಳವೆ ಕೊಟ್ಟಿದ್ದೇವೆ. ಬಿಸಿಗಾಳಿ ಹಂಡೆಯ ಮೈ ಸುತ್ತಿ ಹೋಗುತ್ತದೆ. ಮುಂಚೆ ಮೂರು ಗುಂಡಿನ ಮೇಲೆ ಇಟ್ಟಾಗ ತಳ ಮಾತ್ರ ಕಾಯುತ್ತಿತ್ತು. ಕಟ್ಟಿಗೆ ಎಷ್ಟು ಕಡಿಮೆ ಸಾಕಾಗುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಮಂಡ್ಯ ಮೆಕ್ಯಾನಿಕಲ್

ಸಾಗರದವರು ಸರಿಯಾದ ಜಾಗಕ್ಕೆ ಬಂದರು. ಲೆಕ್ಕ ಹಾಕಿ ತೋರಿಸುತ್ತೇನೆ.

ನಾಲ್ಕು ಜನಕ್ಕೆ 60 ಲೀಟರ್ ನೀರು ಅಂತ ಇಟ್ಟುಕೊಳ್ಳೋಣ. 22 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 5.8 ಮೆಗಾಜೂಲ್ ಶಾಖ ನೀರಿಗೆ ಸೇರಬೇಕು. ಗಾಳಿಗೆ ಒಣಗಿದ ಕಟ್ಟಿಗೆ ಒಂದು ಕಿಲೋದಲ್ಲಿ ಸುಮಾರು 15 ಮೆಗಾಜೂಲ್ ಇರುತ್ತದೆ. ನೂರಕ್ಕೆ ಹದಿನೈದು ಮಾತ್ರ ನೀರಿಗೆ ಹೋಗುವ ಒಲೆಯಲ್ಲಿ ಎರಡೂವರೆ ಕಿಲೋ ಕಟ್ಟಿಗೆ ಬೇಕು. ನೂರಕ್ಕೆ ಮೂವತ್ತು ಹೋಗುವ ಒಲೆಯಲ್ಲಿ ಒಂದೂಕಾಲು ಕಿಲೋ ಸಾಕು. ದಿನಕ್ಕೆ ಒಂದೂಕಾಲು ಕಿಲೋ ಉಳಿತಾಯ, ತಿಂಗಳಿಗೆ ಹತ್ತಿರ ಹತ್ತಿರ 38 ಕಿಲೋ. ಒಬ್ಬ ಹೆಂಗಸು ತಲೆ ಮೇಲೆ ಹೊರುವ ಒಂದೆರಡು ಹೊರೆ. ಅಷ್ಟು ಸಲ ಆನೆ ಇರುವ ಕಡೆ ಹೋಗುವುದು ತಪ್ಪುತ್ತದೆ.

ಹಂಡೆ ಒಲೆಯಲ್ಲಿ ಇನ್ನೊಂದು ಅನುಕೂಲ ಇದೆ. ಅಡುಗೆ ಒಲೆಯಲ್ಲಿ ಉರಿ ಏರಿಸಬೇಕು, ಇಳಿಸಬೇಕು, ಪಾತ್ರೆ ಬದಲಿಸಬೇಕು, ಮುದ್ದೆ ತಿರುಗಿಸಬೇಕು. ಹಂಡೆಗೆ ಅದೇನೂ ಇಲ್ಲ. ಪಾತ್ರೆ ಒಂದೇ, ಅಲುಗಾಡುವುದಿಲ್ಲ. ಅದರ ಅಳತೆಗೆ ಗೂಡು ಕಟ್ಟಿದರೆ ಮುಗಿಯಿತು. ಕೆಲಸ ಕೆಡುವ ಭಯ ಕಡಿಮೆ.

ಮತ್ತೆ, ಕಟ್ಟಿಗೆ ಒಣಗಿರಬೇಕು. ಆಗ ತಾನೇ ಕಡಿದ ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡುವುದಕ್ಕೇ ಶಾಖ ಹೋಗುತ್ತದೆ. ಕಿಲೋ ಲೆಕ್ಕದಲ್ಲಿ ಹಸಿ ಕಟ್ಟಿಗೆ ಕೊಡುವ ಶಾಖ ಒಣ ಕಟ್ಟಿಗೆಯ ಅರ್ಧ ಅಷ್ಟೇ. ಹೊಗೆಯಂತೂ ಕೇಳಲೇಬೇಡಿ. ಮಳೆಗಾಲಕ್ಕೆ ಮುಂಚೆ ಕಡ್ಡಿ ಸೀಳಿ, ಸೂರಿನ ಕೆಳಗೆ ಗಾಳಿ ಆಡುವ ಹಾಗೆ ಅಟ್ಟಣಿಗೆ ಹಾಕಿ ಜೋಡಿಸಿದರೆ ಅದೇ ಒಂದು ಸುಧಾರಣೆ. ಖರ್ಚೇ ಇಲ್ಲ.

ಅಂಕಿ ಸಂಖ್ಯೆ

ಸುಮ್ನೆ ಓದುತ್ತಿದ್ದೆ, ಒಂದು ವಿಷಯ ಸೇರಿಸಬೇಕು ಅನ್ನಿಸಿತು. ಒಡಿಶಾದಲ್ಲಿ ಗ್ರಾಮ ವಿಕಾಸ್ ಅನ್ನುವ ಸಂಸ್ಥೆ ಚಿಮಣಿ ಇರುವ ಮಣ್ಣಿನ ಒಲೆ ಕಟ್ಟಿಸಿತ್ತು. ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಅನ್ನುವ ಅರ್ಥಶಾಸ್ತ್ರಜ್ಞರು ಅದರ ಬೆನ್ನು ಹತ್ತಿ ಸುಮಾರು 2,600 ಮನೆಗಳನ್ನು ನಾಲ್ಕು ವರ್ಷದ ತನಕ ನೋಡಿದರು. ಮೊದಲ ವರ್ಷ ಹೆಂಗಸರ ಉಸಿರಲ್ಲಿ ಹೊಗೆ ಕಡಿಮೆಯಾಗಿತ್ತು. ಆಮೇಲೆ ಆ ವ್ಯತ್ಯಾಸ ಮಾಯವಾಯಿತು. ಕಟ್ಟಿಗೆಯೂ ಉಳಿಯಲಿಲ್ಲ. ಕಾರಣ, ಒಲೆ ಬಿರುಕು ಬಿಟ್ಟಾಗ ಮೆತ್ತುವವರಿಲ್ಲ, ಚಿಮಣಿಯ ಮಸಿ ತೆಗೆಯುವವರಿಲ್ಲ. ನಿಧಾನಕ್ಕೆ ಜನ ಬಳಸುವುದನ್ನೇ ಕಡಿಮೆ ಮಾಡಿದರು.

ಇನ್ನೊಂದು ಬಗೆಯ ಸೋಲೂ ಇದೆ. ನಮ್ಮ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಲ್ಲೇ ಊರ್ಜಾ ಅನ್ನುವ ಫ್ಯಾನ್ ಒಲೆ ಬಂತು. ಬೆಳೆಯ ತ್ಯಾಜ್ಯ ಒತ್ತಿ ಮಾಡಿದ ಗುಳಿಗೆ ಅದರ ಇಂಧನ. ಉರಿ ಬಹಳ ಶುಚಿ, ಲಕ್ಷಗಟ್ಟಲೆ ಮನೆಗೆ ಹೋಯಿತು. ಆದರೆ ಗುಳಿಗೆ ಬೆಲೆ ಏರಿತು. ಇಂಧನ ಅಂಗಡಿಯಿಂದಲೇ ಬರಬೇಕು ಅನ್ನುವ ಒಲೆ ಹಾಡಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ಅಕ್ಕ, ಒಲೆಗೆ ಇಷ್ಟು ಅಂತ ದುಡ್ಡು ಇಡುವಾಗಲೇ ಮುಂದಿನ ವರ್ಷಗಳ ರಿಪೇರಿಗೂ ಸ್ವಲ್ಪ ತೆಗೆದಿಡಿ. ನಲವತ್ತು ಮನೆ ಬದಲು ಮೂವತ್ತು ಮನೆ ಆದರೂ ಪರವಾಗಿಲ್ಲ.

ಕಾಡಂಚು

ಇವತ್ತು ಸಂಘದ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಹಂಡೆ ಮಾತು ಬಂದಾಗ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಕಟ್ಟಿಗೆ ಜಾಸ್ತಿ ಹೋಗುವುದು ಅಲ್ಲಿಗೇ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಯಾರೂ ಕೇಳಿರಲಿಲ್ಲ ಅಷ್ಟೇ.

ಇನ್ನೊಂದು ವಿಷಯ ಹಿರಿಯಜ್ಜಿ ಒಬ್ಬರು ಎತ್ತಿದರು. ಒಲೆ ಮೇಲಿನ ಅಟ್ಟದಲ್ಲಿ ಬಿತ್ತನೆ ಬೀಜ, ಜೋಳದ ತೆನೆ ಕಟ್ಟಿರುತ್ತೇವೆ, ಹೊಗೆ ಇಲ್ಲದಿದ್ದರೆ ಹುಳ ಹಿಡಿಯುತ್ತದಲ್ಲ ಅಂತ. ಇದಕ್ಕೇನು ಹೇಳಲಿ?

ತುಮಕೂರು ಮೇಸ್ತ್ರಿ

ಅಜ್ಜಿ ಹೇಳಿದ್ದು ಸರಿ. ಹೊಗೆ ಹುಳ ಓಡಿಸುತ್ತದೆ, ಹೆಂಚಿನ ಕೆಳಗಿನ ಬಿದಿರು ಗಳವನ್ನೂ ಕಾಯುತ್ತದೆ. ಬೀಜವನ್ನು ಬೂದಿ ಕಲಸಿ ಗಡಿಗೆಯಲ್ಲಿ ಬಾಯಿ ಕಟ್ಟಿ ಇಡಬಹುದು, ಬೇವಿನ ಸೊಪ್ಪು ಸೇರಿಸಬಹುದು. ಇಲ್ಲವೇ ಹಂಡೆ ಒಲೆ ಹೊರಗಿನ ಚಪ್ಪರದಲ್ಲಿ ಕಟ್ಟಿ, ತೆನೆ ಅಲ್ಲಿಗೆ ತೂಗು ಹಾಕಲಿ. ಅದು ಅಜ್ಜಿಗೇ ಬಿಟ್ಟದ್ದು.

ಈಗ ಕಟ್ಟುವ ವಿಷಯ. ನನ್ನ ಅಭಿಪ್ರಾಯ ಇಷ್ಟು: ಮನೆಗೆ ಹೊರಗಡೆ ಒಂದು ಹಂಡೆ ಒಲೆ, ಒಳಗೆ ಎರಡು ಕುಳಿಯ ಅಡುಗೆ ಒಲೆ. ಮೂರು ಕುಳಿ ಬೇಡ. ನಿಮ್ಮ ಅಡುಗೆಗೆ ಎರಡು ಸಾಕು, ಬಿಸಿನೀರು ಬೇರೆ ಆಯಿತಲ್ಲ. ಎರಡೂ ದುಡ್ಡಿಗೆ ಸಾಲದಿದ್ದರೆ ಈ ವರ್ಷ ಹಂಡೆ ಒಲೆ ಮೊದಲು. ಅದರಲ್ಲಿ ಗೆದ್ದರೆ ಅಡುಗೆ ಒಲೆಗೆ ಜನ ತಾವೇ ಕೇಳುತ್ತಾರೆ.

ಮಣ್ಣಿಗೆ ಹುತ್ತದ ಮಣ್ಣು ಅಥವಾ ಅಂಟು ಮಣ್ಣು, ಜರಡಿ ಹಿಡಿದದ್ದು. ಹೊಟ್ಟು, ಸಗಣಿ ಸೇರಿಸಿ ಚೆನ್ನಾಗಿ ತುಳಿದು, ನೆನೆಯಲು ಬಿಡಿ. ಎಷ್ಟು ದಿನ ಕೊಳೆತರೆ ಅಷ್ಟು ಗಟ್ಟಿ. ಉಂಡೆ ಮಾಡಿ ಒಣಗಿಸಿ ನೋಡಿ. ಬಿರುಕು ಬಿಟ್ಟರೆ ಹೊಟ್ಟು ಸಾಲದು, ಪುಡಿ ಉದುರಿದರೆ ಅಂಟು ಸಾಲದು.

ಅಡುಗೆ ಒಲೆಯಲ್ಲಿ ಜಾಲರಿಯಿಂದ ಪಾತ್ರೆ ತಳಕ್ಕೆ ಒಂದು ಗೇಣು ಎತ್ತರದ ಆಸುಪಾಸು. ಲಂಟಾನ ಸಣ್ಣ ಕಡ್ಡಿ ಆದ್ದರಿಂದ ಬಾಯಿ ಅಗಲ ಬೇಡ. ಕೈ ಮುಷ್ಟಿ ಸುಲಭವಾಗಿ ಹೋಗುವಷ್ಟಿದ್ದರೆ ಸಾಕು. ಬಾಯಿ ದೊಡ್ಡದಾದರೆ ಹೆಂಗಸರು ಕಡ್ಡಿ ತುರುಕುತ್ತಾರೆ, ತುರುಕಿದರೆ ಹೊಗೆ. ಕುಳಿಯ ಅಂಚನ್ನು ಆ ಮನೆಯ ಪಾತ್ರೆಯನ್ನೇ ಹಸಿ ಮಣ್ಣಿನ ಮೇಲೆ ತಿರುಗಿಸಿ ಮಾಡಬೇಕು. ನಮ್ಮ ಅಳತೆ ಪಟ್ಟಿ ಅಲ್ಲಿ ನಡೆಯುವುದಿಲ್ಲ. ಮುದ್ದೆ ಪಾತ್ರೆಗೆ ಎರಡು ಕಡೆ ಕಲ್ಲು ಹುಗಿದು ಕವೆಗೋಲು ಸಿಕ್ಕಿಸಲು ಜಾಗ ಕೊಡಿ. ಗೆಣಸು ಸುಡಲು ಕೆಳಗಿನ ಬೂದಿ ಗೂಡಿದೆ, ಕೆಂಡ ಅಲ್ಲಿಗೆ ಬೀಳುತ್ತದೆ. ಅದನ್ನು ಸ್ವಲ್ಪ ಅಗಲವಾಗಿ ಬಿಟ್ಟರೆ ಮಕ್ಕಳಿಗೂ ಸಂತೋಷ.

ಕೊಳವೆಗೆ ಎಸಿ, ಅಂದರೆ ಆಸ್ಬೆಸ್ಟಾಸ್ ಸಿಮೆಂಟ್, ಶೀಟಿನ ಪೈಪ್ ಬೇಡವೇ ಬೇಡ. ಹಿಂದೆ ಎಲ್ಲ ಕಡೆ ಅದನ್ನೇ ಹಾಕಿದ್ದೆವು. ಅದರಲ್ಲಿ ಕಲ್ನಾರು ಇದೆ, ಕತ್ತರಿಸಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಪ್ಲಾಸ್ಟಿಕ್ ಪೈಪ್ ಹಾಕಿದವರನ್ನೂ ನೋಡಿದ್ದೇನೆ. ಮೆತ್ತಗಾಗಿ ಬಾಗುತ್ತದೆ, ಬೆಂಕಿಯ ಅಪಾಯ ಬೇರೆ. ನಾಲ್ಕು ಇಂಚಿನ ಜಿಂಕ್ ತಗಡಿನ ಕೊಳವೆ, ಇಲ್ಲವೇ ಹತ್ತಿರದ ಕುಂಬಾರರಿಗೆ ಹೇಳಿ ಒಂದರೊಳಗೊಂದು ಕೂರುವ ಮಣ್ಣಿನ ಕೊಳವೆ ಮಾಡಿಸಿ. ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲೆ ಹೋಗಲಿ, ಮೇಲೆ ಟೊಪ್ಪಿ ಇರಲಿ. ಬಿದಿರು ತಟ್ಟಿ ಗೋಡೆಗೆ ಕೊಳವೆ ತಾಗಬಾರದು, ನಡುವೆ ಮಣ್ಣಿನ ಪಟ್ಟಿ ಬೇಕು.

ಕೊಳವೆ ಬುಡದಲ್ಲಿ ಒಂದು ಇಟ್ಟಿಗೆ ತೆಗೆದು ಹಾಕುವ ಹಾಗೆ ಬಿಡಿ. ಮಸಿ ಅಲ್ಲಿಂದ ತೆಗೆಯಬೇಕು. ಹಗ್ಗಕ್ಕೆ ಗೋಣಿ ಚೂರು ಗಂಟು ಕಟ್ಟಿ, ಮೇಲಿನಿಂದ ಬಿಟ್ಟು ಎಳೆದರೆ ಬೀಳುತ್ತದೆ. ಒಲೆಬಾಯಿಯಲ್ಲಿ ಹೊಗೆ ವಾಪಸ್ ಬರಲು ಶುರುವಾದರೆ ಕೊಳವೆ ಕಟ್ಟಿಕೊಂಡಿದೆ ಅಂತಲೇ ಅರ್ಥ. ಕಟ್ಟುವಾಗ ಮನೆಯ ಹೆಂಗಸರೇ ಮಣ್ಣು ಮೆತ್ತಬೇಕು. ಆಗಲೇ ಬಿರುಕು ಬಿಟ್ಟಾಗ ಅವರೇ ಸರಿ ಮಾಡಿಕೊಳ್ಳುತ್ತಾರೆ, ನನ್ನಂಥವನನ್ನು ಕಾಯುವುದಿಲ್ಲ.

ಮಂಡ್ಯ ಮೆಕ್ಯಾನಿಕಲ್

ಇದಕ್ಕೆ ಒಂದು ಸೇರಿಸುತ್ತೇನೆ. ಎಲ್ಲ ಮನೆಗೂ ಒಮ್ಮೆಲೇ ಕಟ್ಟಬೇಡಿ. ಮೊದಲು ಎರಡು ಮೂರು ಮನೆಗೆ ಕಟ್ಟಿ ತೂಕ ಮಾಡಿ. ಬೆಳಿಗ್ಗೆ ಒಣ ಕಟ್ಟಿಗೆ ತೂಗಿ ಕಟ್ಟು ಕೊಡಿ, ಸಂಜೆ ಉಳಿದದ್ದು ತೂಗಿ. ಒಂದು ವಾರ ಹಳೇ ಒಲೆ, ಒಂದು ವಾರ ಹೊಸದು, ಅಡುಗೆ ಮಾಡುವವರು ಅವರೇ, ಉಣ್ಣುವವರೂ ಅಷ್ಟೇ ಜನ. ರೇಷನ್ ಅಂಗಡಿಯ ತಕ್ಕಡಿ ಸಾಕು, ದೊಡ್ಡ ಯಂತ್ರ ಬೇಡ. ಉಳಿತಾಯ ಕಾಣದಿದ್ದರೆ ಮೇಸ್ತ್ರಿಗಳು ಬಂದು ಸಂದು, ಎತ್ತರ ಸರಿ ಮಾಡಲಿ. ಆಮೇಲೆ ಉಳಿದ ಮನೆಗಳು.

ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸುವುದು, ಕಾಳು ನೆನೆಸಿ ಹಾಕುವುದು, ಇವೂ ಕಟ್ಟಿಗೆ ಉಳಿಸುತ್ತವೆ. ಸಭೆಯಲ್ಲಿ ಹೇಳಿ.

ಊರ ದಾದಿ

ಗ್ಯಾಸ್ ಇರುವ ಮನೆಯವರಿಗೆ ನನ್ನ ಕಡೆಯಿಂದ ಒಂದು ಕೋರಿಕೆ ತಿಳಿಸಿ. ಬಾಣಂತಿ, ಹಸುಗೂಸು ಇರುವ ತಿಂಗಳಲ್ಲಿ ಆದಷ್ಟು ಗ್ಯಾಸಲ್ಲೇ ಅಡುಗೆ ಮಾಡಲಿ. ಸಂಘದ ರಿಪೇರಿ ದುಡ್ಡಿನ ಜೊತೆಗೆ ಸಿಲಿಂಡರ್ ಮುಂಗಡಕ್ಕೂ ಸಣ್ಣ ಸಾಲದ ಗಂಟು ಇಡಬಹುದಾ ನೋಡಿ. ಸಬ್ಸಿಡಿ ಖಾತೆಗೆ ಬಂದಾಗ ವಾಪಸ್ ಕಟ್ಟಲಿ.

ಹೊಸಪೇಟೆ ಹುಡುಗ

ಇದು ಆಗುವ ಮಾತು. ಸಿಲಿಂಡರ್ ಐದಾರು ಮನೆಯದ್ದು ಒಟ್ಟಿಗೆ ತರಿಸಿದರೆ ಆಟೋ ಬಾಡಿಗೆಯೂ ಹಂಚಿಹೋಗುತ್ತದೆ. ಐದು ಕಿಲೋ ಸಿಲಿಂಡರ್ ಕೂಡ ಇದೆ, ಹೊರುವುದು ಸುಲಭ, ಒಂದೇ ಸಲಕ್ಕೆ ಕೊಡುವ ದುಡ್ಡೂ ಕಡಿಮೆ. ಏಜೆನ್ಸಿಯಲ್ಲಿ ಬದಲಿಸಿಕೊಡುತ್ತಾರಾ ಅಂತ ವಿಚಾರಿಸಿ ಅಕ್ಕ.

ಕಾಡಂಚು

ಎಲ್ಲರಿಗೂ ತುಂಬಾ ಧನ್ಯವಾದ. ಹೀಗೆ ತೀರ್ಮಾನ ಆಯಿತು: ಮೊದಲು ಮೂರು ಮನೆಗೆ ಹಂಡೆ ಒಲೆ, ಅದರಲ್ಲಿ ಒಂದು ಮನೆಗೆ ಅಡುಗೆ ಒಲೆಯೂ. ಅಜ್ಜಿಯ ಮನೆ ಆ ಮೂರರಲ್ಲಿ ಒಂದು, ಅವರೇ ಕೇಳಿಕೊಂಡರು. ಲೋಹದ ಒಲೆ ಕೊಳ್ಳುವುದು ಬಿಟ್ಟೆವು. ಮನೆಗೆ ಇನ್ನೂರು ರೂಪಾಯಿ ರಿಪೇರಿಗೆ ಬೇರೆ ತೆಗೆದಿಡುತ್ತೇವೆ. ಸಿಲಿಂಡರ್ ಸಾಲದ ಮಾತು ಮುಂದಿನ ಸಭೆಗೆ ಇಟ್ಟಿದ್ದೇವೆ. ಮೇಸ್ತ್ರಿ ಅಣ್ಣ, ಹಂಡೆ ಎಲ್ಲರ ಮನೆಯಲ್ಲೂ ಒಂದೇ ಥರ ಇಲ್ಲ. ಕೆಲವರದು ತಾಮ್ರ, ಕೆಲವರದು ಅಲ್ಯುಮಿನಿಯಂ. ಅಳತೆ ಹೇಗೆ ಕಳಿಸಲಿ?

ತುಮಕೂರು ಮೇಸ್ತ್ರಿ

ಹೊಟ್ಟೆಯ ಅತಿ ಅಗಲವಾದ ಕಡೆ ದಾರ ಸುತ್ತಿ, ಆ ದಾರದ ಉದ್ದ ಬರೆದುಕೊಳ್ಳಿ. ತಳದಿಂದ ಕುತ್ತಿಗೆಗೆ ಎಷ್ಟು ಎತ್ತರ, ಅದೊಂದು. ತಳ ಚಪ್ಪಟೆಯೋ ಗುಂಡೋ ಅಂತ ಹೇಳಿ. ಅಲ್ಯುಮಿನಿಯಂ ಆದರೆ ಬೇರೆಯಾಗಿ ಗುರುತು ಹಾಕಿ, ನೀರಿಲ್ಲದೆ ಉರಿ ಹಾಕಿದರೆ ಅದು ಕರಗಿ ತೂತು ಬೀಳುತ್ತದೆ, ಮನೆಯವರಿಗೆ ಮೊದಲೇ ತಿಳಿಸಬೇಕು. ಬಚ್ಚಲು ಯಾವ ದಿಕ್ಕಿಗಿದೆ, ಗಾಳಿ ಹೆಚ್ಚಾಗಿ ಯಾವ ಕಡೆಯಿಂದ ಬೀಸುತ್ತದೆ, ಅದನ್ನೂ ಬರೆಯಿರಿ. ಒಲೆಬಾಯಿ ಎತ್ತ ಇಡಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಮಣ್ಣು ಈಗಲೇ ನೆನೆಹಾಕಿ. ಅಳತೆ ಬಂದ ಮೇಲೆ ಜಾಲರಿ ನಾನೇ ಇಲ್ಲಿ ಕಮ್ಮಾರರ ಹತ್ತಿರ ಮಾಡಿಸಿ ತರುತ್ತೇನೆ.